ಮಡಿಚುವ ಚಾಕು ದೊಡ್ಡದಿರಬೇಕೋ ಚಿಕ್ಕದೋ: ಅಲಗಿಗಿಂತ ಮೊದಲು ಹಿಡಿಕೆಯನ್ನು ಅಳೆಯಿರಿ

ಮಡಿಚುವ ಜೇಬುಚಾಕು ತಯಾರಿಸುವ ಹಲವು ಕಂಪನಿಗಳು ಈಗ ಒಂದೇ ವಿನ್ಯಾಸವನ್ನು ಎರಡು ಗಾತ್ರಗಳಲ್ಲಿ ಮಾರುತ್ತವೆ. ಒಂದು ಪೂರ್ಣ ಗಾತ್ರದ್ದು. ಇನ್ನೊಂದು, ಹೆಸರಿಗೆ ‘ಮಿನಿ’ ಎಂದೋ ‘ಕಾಂಪ್ಯಾಕ್ಟ್’ ಎಂದೋ ಸೇರಿಸಿಕೊಂಡ ಚಿಕ್ಕ ಗಾತ್ರದ್ದು. ಎರಡರ ಉಕ್ಕೂ ಒಂದೇ, ಲಾಕ್ ವ್ಯವಸ್ಥೆಯೂ ಒಂದೇ, ಆನ್‌ಲೈನ್ ಪುಟದಲ್ಲಿ ಕಾಣುವ ಚಿತ್ರವೂ ಹೆಚ್ಚುಕಡಿಮೆ ಒಂದೇ. ಪಾರ್ಸೆಲ್ ಬಿಚ್ಚಲು, ಹಗ್ಗ ಕತ್ತರಿಸಲು, ತೋಟದ ಸಣ್ಣಪುಟ್ಟ ಕೆಲಸಕ್ಕೆ ಎಂದು ಮೊದಲ ಸಲ ಇಂಥದ್ದೊಂದನ್ನು ಕೊಳ್ಳಲು ಹೊರಟವರು ಇಲ್ಲಿಯೇ ಗೊಂದಲಕ್ಕೆ ಬೀಳುತ್ತಾರೆ. ದಿನವೂ ಜೊತೆಯಲ್ಲಿಟ್ಟುಕೊಳ್ಳುವ ಚಾಕುವಿಗೆ ಯಾವ ಗಾತ್ರ ಸರಿ ಎಂಬುದಕ್ಕೆ ಉತ್ತರವನ್ನು ಸಾಮಾನ್ಯವಾಗಿ ಅಲಗಿನ ಉದ್ದದಲ್ಲಿ ಹುಡುಕುತ್ತೇವೆ, ಏಕೆಂದರೆ ವಿವರಗಳ ಪಟ್ಟಿಯಲ್ಲಿ ಮೊದಲು ಕಣ್ಣಿಗೆ ಬೀಳುವ ಅಂಕಿ ಅದೇ. ಬಳಸಲು ಕೂತಾಗ ಮಾತ್ರ ಹೆಚ್ಚಿನ ವ್ಯತ್ಯಾಸ ಬರುವುದು ಹಿಡಿಕೆಯಿಂದ. ಅದು ಏಕೆ, ಹೇಗೆ ಎಂಬುದನ್ನು ಮೂಲದಿಂದ ನೋಡೋಣ.

ಭಾಗಗಳು ಮತ್ತು ಅಳತೆಗಳು

ಮಡಿಚುವ ಚಾಕುವಿನಲ್ಲಿ ಮುಖ್ಯವಾಗಿ ಎರಡು ಭಾಗಗಳಿವೆ: ಕತ್ತರಿಸುವ ಅಲಗು ಮತ್ತು ಕೈಯಲ್ಲಿ ಕೂರುವ ಹಿಡಿಕೆ. ಅಲಗು ಹಿಡಿಕೆಯ ಒಂದು ತುದಿಯಲ್ಲಿರುವ ತಿರುಗಣಿಯ ಸುತ್ತ ತಿರುಗಿ, ಮಡಿಚಿದಾಗ ಹಿಡಿಕೆಯ ಸೀಳಿನೊಳಗೆ ಅಡಗುತ್ತದೆ. ಅಲಗಿನ ಹರಿತವಾದ ಕಡೆ ಬಾಯಿ, ಅದರ ಎದುರಿನ ದಪ್ಪ ಕಡೆ ಬೆನ್ನು, ಚೂಪಾದ ತುದಿ ಮೊನೆ. ತೆರೆದ ಅಲಗು ಕೆಲಸದ ನಡುವೆ ತಾನಾಗಿ ಮಡಿಚಿಕೊಳ್ಳದಂತೆ ಹಿಡಿದಿಡುವ ವ್ಯವಸ್ಥೆಗೆ ಲಾಕ್ ಎನ್ನುತ್ತಾರೆ. ಎಲ್ಲ ಚಾಕುಗಳಲ್ಲಿಯೂ ಲಾಕ್ ಇರುವುದಿಲ್ಲ.

ಅಲಗು ಪೂರ್ತಿಯಾಗಿ ಹಿಡಿಕೆಯೊಳಗೆ ಅಡಗಬೇಕಾದ್ದರಿಂದ ಹಿಡಿಕೆ ಯಾವಾಗಲೂ ಅಲಗಿಗಿಂತ ಉದ್ದವಾಗಿರುತ್ತದೆ. ಬಹಳಷ್ಟು ಚಾಕುಗಳಲ್ಲಿ ಈ ಅಂತರ 2ರಿಂದ 3.5 ಸೆಂ.ಮೀ. ಮಡಿಚಿದ ಚಾಕುವಿನ ಉದ್ದವೆಂದರೆ ಹಿಡಿಕೆಯ ಉದ್ದವೇ. ಆದ್ದರಿಂದ ಕೈಗೆ ಎಷ್ಟು ಹಿಡಿತ ಸಿಗುತ್ತದೆ ಎಂಬುದೂ ಜೇಬಿನಲ್ಲಿ ಎಷ್ಟು ಜಾಗ ಹೋಗುತ್ತದೆ ಎಂಬುದೂ ಒಂದೇ ಅಂಕಿಯ ಎರಡು ಮುಖಗಳು. ಗಾತ್ರದ ಆಯ್ಕೆ ಕಷ್ಟವಾಗುವುದು ಇದರಿಂದಲೇ.

ಎಲ್ಲಿಗೆ ಚಿಕ್ಕದು ಮುಗಿದು ಎಲ್ಲಿಂದ ದೊಡ್ಡದು ಶುರುವಾಗುತ್ತದೆ ಎಂಬುದಕ್ಕೆ ಅಧಿಕೃತ ಗಡಿಯೇನೂ ಇಲ್ಲ. ರೂಢಿಯಲ್ಲಿ ಅಲಗು 3 ಇಂಚು, ಅಂದರೆ ಸುಮಾರು 76 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಾಂಪ್ಯಾಕ್ಟ್ ಎನ್ನುತ್ತಾರೆ. 3.25ರಿಂದ 4 ಇಂಚಿನ ಅಲಗು ಇದ್ದರೆ ಅದು ಪೂರ್ಣ ಗಾತ್ರ. ಕೀಲಿಗೊಂಚಲಿಗೆ ತೂಗುಹಾಕುವ 2 ಇಂಚಿಗಿಂತ ಚಿಕ್ಕ ಅಲಗಿನವು ಇನ್ನೊಂದು ವರ್ಗವೇ ಆಗುತ್ತವೆ. ಅಲಗಿನ ಉದ್ದವನ್ನು ಸಾಮಾನ್ಯವಾಗಿ ಮೊನೆಯಿಂದ ಹಿಡಿಕೆಯ ಮುಂತುದಿಯವರೆಗೆ ಅಳೆಯುತ್ತಾರೆ. ಬಾಯಿಯ ಉದ್ದ ಅದಕ್ಕಿಂತ ಕಡಿಮೆ ಇರಬಹುದು, ಏಕೆಂದರೆ ಅನೇಕ ಚಾಕುಗಳಲ್ಲಿ ಅಲಗಿನ ಬುಡದಲ್ಲಿ ಸ್ವಲ್ಪ ಭಾಗವನ್ನು ಹರಿತ ಮಾಡದೆ ಬಿಟ್ಟಿರುತ್ತಾರೆ. 75 ಮಿ.ಮೀ. ಅಲಗು ಎಂದು ಬರೆದಿರುವ ಎರಡು ಚಾಕುಗಳಲ್ಲಿ ಒಂದು ಇನ್ನೊಂದಕ್ಕಿಂತ ಒಂದು ಸೆಂಟಿಮೀಟರ್ ಕಡಿಮೆ ಕತ್ತರಿಸುವುದು ಹೀಗೆ.

ಚಿಕ್ಕದು ಮಾಡುವಾಗ ಏನನ್ನು ಕಡಿಮೆ ಮಾಡುತ್ತಾರೆ

ಸ್ಪೈಡರ್ಕೊ ಕಂಪನಿಯ ಎಂಡ್ಯೂರಾ ಮತ್ತು ಡೆಲಿಕಾ 1990ರಲ್ಲಿ ಬಂದ ಜೋಡಿ. ಆಕಾರ ಒಂದೇ, ಗಾತ್ರ ಎರಡು. ಈಗಿನ ಆವೃತ್ತಿಯಲ್ಲಿ ಎಂಡ್ಯೂರಾದ ಅಲಗು ಸುಮಾರು 96 ಮಿ.ಮೀ., ಮಡಿಚಿದ ಉದ್ದ ಸುಮಾರು 127 ಮಿ.ಮೀ. ಡೆಲಿಕಾದಲ್ಲಿ ಅಲಗು ಸುಮಾರು 73 ಮಿ.ಮೀ., ಮಡಿಚಿದ ಉದ್ದ ಸುಮಾರು 108 ಮಿ.ಮೀ. ಅಂದರೆ ಅಲಗು ಕಾಲು ಭಾಗದಷ್ಟು ಕಿರಿದಾಗಿದೆ, ಹಿಡಿಕೆ ಮಾತ್ರ ಶೇ 15ರಷ್ಟು ಕಿರಿದಾಗಿದೆ. ವಿನ್ಯಾಸಕಾರರು ಇಲ್ಲಿ ಹಿಡಿಕೆಯನ್ನು ಆದಷ್ಟು ಉಳಿಸಿಕೊಂಡು ಅಲಗನ್ನು ಕಡಿಮೆ ಮಾಡಿದ್ದಾರೆ. ಚಾಕು ಚಿಕ್ಕದಾಯಿತೆಂದು ಅದನ್ನು ಹಿಡಿಯುವ ಕೈ ಚಿಕ್ಕದಾಗುವುದಿಲ್ಲವಲ್ಲ.

ಎಲ್ಲ ಜೋಡಿಗಳಲ್ಲಿಯೂ ಹೀಗಿರುವುದಿಲ್ಲ. ಬೆಂಚ್‌ಮೇಡ್ ಕಂಪನಿಯ ಬಗ್‌ಔಟ್ ಮತ್ತು ಮಿನಿ ಬಗ್‌ಔಟ್‌ಗಳನ್ನು ತೆಗೆದುಕೊಳ್ಳಿ. ದೊಡ್ಡದರ ಅಲಗು ಸುಮಾರು 82 ಮಿ.ಮೀ., ಹಿಡಿಕೆ ಸುಮಾರು 107. ಚಿಕ್ಕದರಲ್ಲಿ ಅಲಗು ಸುಮಾರು 72, ಹಿಡಿಕೆ ಸುಮಾರು 93. ಇಲ್ಲಿ ಅಲಗಿಗಿಂತ ಹಿಡಿಕೆಯೇ ಹೆಚ್ಚು ಕಳೆದುಕೊಂಡಿದೆ. ಡೆಲಿಕಾ ಮತ್ತು ಮಿನಿ ಬಗ್‌ಔಟ್‌ಗಳ ಅಲಗಿನ ಉದ್ದ ಬಹುತೇಕ ಸಮ. ಎರಡೂ ಕಾಂಪ್ಯಾಕ್ಟ್ ಎಂಬ ಒಂದೇ ಹೆಸರಿನಡಿ ಬರುತ್ತವೆ. ಆದರೆ ಒಂದರ ಹಿಡಿಕೆ ಇನ್ನೊಂದಕ್ಕಿಂತ ಒಂದೂವರೆ ಸೆಂಟಿಮೀಟರ್ ಉದ್ದ. ಕೈಗೆ ಇದು ಸಣ್ಣ ವ್ಯತ್ಯಾಸವಲ್ಲ; ಹೆಚ್ಚುಕಡಿಮೆ ಒಂದು ಬೆರಳಿನ ಅಗಲ.

ತೂಕದ ವಿಚಾರದಲ್ಲಿಯೂ ಗಾತ್ರವನ್ನಷ್ಟೇ ನಂಬುವಂತಿಲ್ಲ. 1960ರ ದಶಕದಿಂದ ಪ್ರಸಿದ್ಧವಾಗಿರುವ ಬಕ್ 110 ಎಂಬ ಚಾಕುವಿಗೆ ಹಿತ್ತಾಳೆಯ ತುದಿಗಳು, ಮರದ ಹಿಡಿಕೆ. ಅಲಗು 95 ಮಿ.ಮೀ., ತೂಕ ಸುಮಾರು 200 ಗ್ರಾಂ. ಅದರ ತಮ್ಮನಂತಿರುವ ಬಕ್ 112ರ ಅಲಗು 76 ಮಿ.ಮೀ. ಇದ್ದರೂ ತೂಕ ಸುಮಾರು 160 ಗ್ರಾಂ ಇದೆ. ಪ್ಲಾಸ್ಟಿಕ್ ಜಾತಿಯ ಹಿಡಿಕೆಯಿರುವ ಪೂರ್ಣ ಗಾತ್ರದ ಬಗ್‌ಔಟ್ ತೂಗುವುದು ಸುಮಾರು 52 ಗ್ರಾಂ ಮಾತ್ರ, ಮಿನಿ ತೂಗುವುದು ಸುಮಾರು 43 ಗ್ರಾಂ. ಈ ಒಂಬತ್ತು ಗ್ರಾಂ ಉಳಿಸಲು ಹಿಡಿಕೆಯ ಒಂದೂವರೆ ಸೆಂಟಿಮೀಟರ್ ಬಿಟ್ಟುಕೊಡುವುದು ಅನೇಕರಿಗೆ ಲಾಭದ ವ್ಯವಹಾರವಲ್ಲ. ಭಾರ ಕಡಿಮೆ ಬೇಕೆಂಬ ಒಂದೇ ಕಾರಣಕ್ಕೆ ಚಿಕ್ಕ ಚಾಕು ಹುಡುಕುವವರು ಗಾತ್ರವನ್ನು ಬಿಟ್ಟು ಹಿಡಿಕೆಯನ್ನು ಯಾವುದರಿಂದ ಮಾಡಿದ್ದಾರೆ ಎಂಬುದನ್ನು ಮೊದಲು ನೋಡಬೇಕು.

ಅಂಗೈ, ನಾಲ್ಕು ಬೆರಳು ಮತ್ತು ಹಿಡಿತ

ವಯಸ್ಕರ ಅಂಗೈಯ ಅಗಲ, ಹೆಬ್ಬೆರಳನ್ನು ಬಿಟ್ಟು ಉಳಿದ ನಾಲ್ಕು ಬೆರಳುಗಳ ಬುಡದಲ್ಲಿ ಅಳೆದರೆ, ಹೆಚ್ಚಿನವರಲ್ಲಿ 7ರಿಂದ 9 ಸೆಂ.ಮೀ. ಇರುತ್ತದೆ. ನಾಲ್ಕೂ ಬೆರಳು ಹಿಡಿಕೆಯ ಮೇಲೆ ಕೂರಬೇಕಾದರೆ ಹಿಡಿಕೆ ಅಷ್ಟಾದರೂ ಉದ್ದವಿರಬೇಕು, ಅದರ ಮೇಲೆ ಒಂದೆರಡು ಸೆಂಟಿಮೀಟರ್ ಹೆಚ್ಚಿದ್ದರೆ ಒಳ್ಳೆಯದು. ಮುಂತುದಿಯಲ್ಲಿ ತಿರುಗಣಿ ಮತ್ತು ಬೆರಳು ಜಾರದಂತೆ ತಡೆಯುವ ಉಬ್ಬು ಸ್ವಲ್ಪ ಜಾಗ ತಿನ್ನುವುದರಿಂದ ಹಿಡಿಕೆಯ ಪೂರ್ತಿ ಉದ್ದ ಕೈಗೆ ದಕ್ಕುವುದಿಲ್ಲ.

ದಪ್ಪ ರಟ್ಟಿನ ದೊಡ್ಡ ಪೆಟ್ಟಿಗೆಯೊಂದನ್ನು ತುಂಡು ಮಾಡುವಾಗ ಕೈಯಲ್ಲಿ ನಡೆಯುವುದನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ಅಲಗನ್ನು ರಟ್ಟಿಗೆ ಇಳಿಸಿ ನಮ್ಮ ಕಡೆಯಿಂದ ಪಕ್ಕಕ್ಕೆ ಎಳೆಯತೊಡಗಿದಾಗ ರಟ್ಟಿನ ಒಳಪದರಗಳು ಅಲಗನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುತ್ತವೆ. ಆ ಹಿಡಿತವನ್ನು ಬಿಡಿಸಿಕೊಂಡು ಮುಂದೆ ಸಾಗಲು ನಾವು ಬಲ ಹಾಕಿದಷ್ಟೂ ಚಾಕು ಕೈಯೊಳಗೆ ತಿರುಚಿಕೊಳ್ಳಲು ನೋಡುತ್ತದೆ. ಹಿಡಿಕೆಯ ಹಿಂಭಾಗವನ್ನು ಅಂಗೈಗೆ ಒತ್ತಿ ಹಿಡಿದು ಈ ತಿರುಚನ್ನು ತಡೆಯುವುದು ಉಂಗುರಬೆರಳು ಮತ್ತು ಕಿರುಬೆರಳು. ಹಿಡಿಕೆ ಮೂರು ಬೆರಳಿಗಷ್ಟೇ ಸಾಕಾಗುವಂತಿದ್ದರೆ ಕಿರುಬೆರಳಿಗೆ ಆಧಾರವಿಲ್ಲದೆ ಅದು ಹಿಡಿಕೆಯ ತುದಿಯ ಕೆಳಗೆ ಮಡಚಿಕೊಳ್ಳುತ್ತದೆ. ಹಿಡಿಕೆಯ ಹಿಂತುದಿ ಅಂಗೈಯ ಅಂಚನ್ನು ದಾಟಿ ಹೊರಗೆ ಬರುವ ಬದಲು ಅಂಗೈಯ ನಡುವಿನ ಮೆತ್ತನೆಯ ಭಾಗಕ್ಕೆ ಚುಚ್ಚುತ್ತದೆ. ನಾಲ್ಕೈದು ಪೆಟ್ಟಿಗೆಗಳಾಗುವ ಹೊತ್ತಿಗೆ ಅಲ್ಲಿ ಕೆಂಪು ಗುರುತು ಮೂಡುತ್ತದೆ. ನೋವಾದಾಗ ಕೈ ಹಿಡಿತವನ್ನು ತಾನಾಗಿ ಸಡಿಲಿಸುತ್ತದೆ, ಸಡಿಲವಾದ ಹಿಡಿತದಲ್ಲಿ ಚಾಕು ಜಾರುತ್ತದೆ. ಅಲಗು ಚಿಕ್ಕದಾಗಿದ್ದ ಮಾತ್ರಕ್ಕೆ ಅಪಾಯ ಕಡಿಮೆ ಎಂಬ ನಂಬಿಕೆ ಇಲ್ಲಿ ಹುಸಿಯಾಗುತ್ತದೆ.

ಪಾರ್ಸೆಲ್ ಮೇಲಿನ ಟೇಪನ್ನು ಸೀಳುವ ಕೆಲಸಕ್ಕೆ ಇಷ್ಟೆಲ್ಲ ಬೇಕಿಲ್ಲ. ಅಲ್ಲಿ ಬಲವೇ ಬೇಡ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ಹಿಡಿತ ಸಾಕು. ಮೂರು ಬೆರಳಿನ ಹಿಡಿಕೆ ಕೊರತೆಯಾಗುವುದು ಬಲ ಹಾಕಿ ಬಹಳ ಹೊತ್ತು ಕತ್ತರಿಸುವಾಗ, ಕೈ ಒದ್ದೆಯಾಗಿರುವಾಗ, ಚಳಿಗೆ ಬೆರಳು ಮರಗಟ್ಟಿದಾಗ.

ಈ ಕೊರತೆಯನ್ನು ತುಂಬಲು ಕೆಲವು ಚಿಕ್ಕ ಚಾಕುಗಳಲ್ಲಿ ಅಲಗಿನ ಬುಡದಲ್ಲಿ ಹರಿತವಿಲ್ಲದ ಅರ್ಧಚಂದ್ರಾಕಾರದ ಕಚ್ಚು ಇರುತ್ತದೆ. ತೋರುಬೆರಳನ್ನು ಹಿಡಿಕೆಯಿಂದ ಮುಂದಕ್ಕೆ ಸರಿಸಿ ಆ ಕಚ್ಚಿನಲ್ಲಿ ಇಟ್ಟರೆ ಹಿಂದೆ ಕಿರುಬೆರಳಿಗೆ ಜಾಗ ಸಿಗುತ್ತದೆ. ಸ್ಪೈಡರ್ಕೊದ ಪ್ಯಾರಾ 3 ಇಂಥದ್ದು. ಇದಕ್ಕೆ ತೆರಬೇಕಾದ ಬೆಲೆ ಎಂದರೆ ಬಾಯಿಯ ಉದ್ದ ಅಷ್ಟು ಕಡಿಮೆಯಾಗುವುದು. ಹಿಡಿಕೆಯ ಹಿಂತುದಿಯ ತೂತಿಗೆ ಗಟ್ಟಿ ದಾರದ ಕುಚ್ಚು ಕಟ್ಟಿ ಕಿರುಬೆರಳಿಗೆ ಆಸರೆ ಮಾಡಿಕೊಳ್ಳುವವರೂ ಇದ್ದಾರೆ.

ಜೇಬಿನಲ್ಲಿ ಎಷ್ಟು ಜಾಗ

ದೊಡ್ಡ ಚಾಕು ಕೈಯಲ್ಲಿ ಗೆಲ್ಲುತ್ತದೆ ಎಂದಾದರೆ ಎಲ್ಲರೂ ಅದನ್ನೇ ಏಕೆ ಕೊಳ್ಳುವುದಿಲ್ಲ? ಉದ್ದನೆಯ ಕೊಡೆಗೂ ಮಡಿಚುವ ಪುಟ್ಟ ಕೊಡೆಗೂ ಇರುವ ಸಂಬಂಧವೇ ಇಲ್ಲಿಯೂ ಇದೆ: ಮಳೆಯಲ್ಲಿ ಉದ್ದನೆಯದೇ ಮೇಲು, ಆದರೆ ಮಳೆ ಬಂದಾಗ ಜೊತೆಯಲ್ಲಿರುವುದು ಚಿಕ್ಕದು. ದಿನವೂ ಒಯ್ಯುವ ಚಾಕುವಿನ ಮೊದಲ ಗುಣ ಅದು ದಿನವೂ ಜೊತೆಯಲ್ಲಿ ಇರುವುದೇ.

1981ರಲ್ಲಿ ಸ್ಪೈಡರ್ಕೊ ತನ್ನ ವರ್ಕರ್ ಎಂಬ ಚಾಕುವಿನ ಹಿಡಿಕೆಗೆ ಲೋಹದ ಕ್ಲಿಪ್ ಜೋಡಿಸಿತು. ಆ ಬಳಿಕ ಈ ಪದ್ಧತಿ ಎಲ್ಲೆಡೆ ಹರಡಿತು. ಕ್ಲಿಪ್ ಇದ್ದರೆ ಚಾಕು ಜೇಬಿನ ತಳಕ್ಕೆ ಹೋಗಿ ಅಡ್ಡ ಬೀಳದೆ, ಜೇಬಿನ ಅಂಚಿಗೆ ನೇತುಬಿದ್ದು ಹೊಲಿಗೆಯ ಬದಿಗೆ ನೆಟ್ಟಗೆ ನಿಲ್ಲುತ್ತದೆ. ಪೂರ್ಣ ಗಾತ್ರದ ಚಾಕುಗಳನ್ನು ಜೇಬಿನಲ್ಲಿಟ್ಟು ಓಡಾಡುವುದು ಇದರಿಂದ ಸುಲಭವಾಯಿತು. ಆದರೂ ಕುಳಿತಾಗ ಲೆಕ್ಕ ಬದಲಾಗುತ್ತದೆ. 12–13 ಸೆಂ.ಮೀ. ಉದ್ದದ ಚಾಕು ಮುಂಜೇಬಿನಲ್ಲಿದ್ದರೆ, ಕುರ್ಚಿಯಲ್ಲಿ ಕೂರುವಾಗ ಅದರ ಕೆಳತುದಿ ತೊಡೆಯ ಮೇಲೆಯೂ ಮೇಲ್ತುದಿ ಸೊಂಟದ ಮಡಿಕೆಯಲ್ಲಿಯೂ ಒತ್ತುತ್ತದೆ. ಬೈಕ್ ಓಡಿಸುವವರಿಗೆ, ದಿನವಿಡೀ ಕುಳಿತು ಕೆಲಸ ಮಾಡುವವರಿಗೆ ಇದು ಬೇಗ ಬೇಸರ ತರಿಸುತ್ತದೆ. 9–10 ಸೆಂ.ಮೀ. ಉದ್ದದ್ದು ಅದೇ ಜಾಗದಲ್ಲಿ ಗೊತ್ತೇ ಆಗದಂತೆ ಇರುತ್ತದೆ.

ಉದ್ದದಷ್ಟೇ ಮುಖ್ಯವಾದದ್ದು ಅಗಲ ಮತ್ತು ದಪ್ಪ; ಇವುಗಳತ್ತ ಕೊಳ್ಳುವವರ ಗಮನ ಕಡಿಮೆ. ಅಗಲವಾದ ಅಲಗಿಗೆ ಅಗಲವಾದ ಹಿಡಿಕೆ ಬೇಕು, ಅದು ಜೇಬಿನ ಬಾಯನ್ನು ಅಡ್ಡಗಟ್ಟಿ ನಿಂತರೆ ಕೀಲಿ, ಫೋನ್ ತೆಗೆಯಲು ಕೈ ಹಾಕಿದಾಗಲೆಲ್ಲ ಬೆರಳಿಗೆ ತಾಗುತ್ತದೆ. ತೆಳುವಾದ ಬಟ್ಟೆಯ ಪ್ಯಾಂಟಿನಲ್ಲಿ ನೂರು ಗ್ರಾಂ ದಾಟಿದ ಚಾಕು ಜೇಬನ್ನು ಒಂದು ಕಡೆಗೆ ಜಗ್ಗುತ್ತದೆ. ದಪ್ಪ ಜೀನ್ಸ್‌ನಲ್ಲಿ ಅದೇ ಭಾರ ತಿಳಿಯುವುದಿಲ್ಲ. ಮಹಿಳೆಯರ ಉಡುಪಿನ ಜೇಬುಗಳು ಬಹಳ ಸಲ ಎಷ್ಟು ಆಳವಿಲ್ಲದವೆಂದರೆ ಅಲ್ಲಿ ಪೂರ್ಣ ಗಾತ್ರದ ಮಾತೇ ಬರುವುದಿಲ್ಲ. ಚಾಕು ಚೀಲದಲ್ಲಿ ಹೋಗುವುದಾದರೆ ಗಾತ್ರದ ಒತ್ತಡ ಇಲ್ಲವಾಗುತ್ತದೆ, ಆಗ ದೊಡ್ಡದನ್ನೇ ಆರಿಸಿಕೊಳ್ಳಲು ಅಡ್ಡಿಯಿಲ್ಲ.

ಯಾವ ಕೆಲಸಕ್ಕೆ ಎಷ್ಟು ಅಲಗು

ದಿನಬಳಕೆಯ ಹೆಚ್ಚಿನ ಕೆಲಸಗಳಲ್ಲಿ ಅಲಗಿನ ಮುಂದಿನ ಮೂರು ನಾಲ್ಕು ಸೆಂಟಿಮೀಟರ್ ಮಾತ್ರ ಬಳಕೆಗೆ ಬರುತ್ತದೆ. ಟೇಪು, ಲಕೋಟೆ, ಬಟ್ಟೆಯ ದಾರ, ಪ್ಲಾಸ್ಟಿಕ್ ಪೊಟ್ಟಣ ಇವೆಲ್ಲ ಈ ಗುಂಪಿನವು. ಇಂಥ ಕಡೆ ಚಿಕ್ಕ ಚಾಕುವಿಗೆ ಒಂದು ಅನುಕೂಲವೂ ಇದೆ: ಮೊನೆ ಬೆರಳುಗಳಿಗೆ ಹತ್ತಿರವಿರುವುದರಿಂದ ಅದನ್ನು ಬೇಕಾದ ಜಾಗಕ್ಕೆ ನಿಖರವಾಗಿ ಒಯ್ಯಬಹುದು. ಬೆರಳಿನಿಂದ 9 ಸೆಂ.ಮೀ. ದೂರದಲ್ಲಿರುವ ಮೊನೆಯಲ್ಲಿ ಕೈಯ ಸಣ್ಣ ಅಲುಗಾಟವೂ ದೊಡ್ಡದಾಗಿ ಕಾಣುತ್ತದೆ.

ಉದ್ದನೆಯ ಅಲಗು ಬೇಕಾಗುವುದು ಎರಡು ಸಂದರ್ಭಗಳಲ್ಲಿ. ಮೊದಲನೆಯದು ದುಂಡಗಿನ ಅಥವಾ ದಪ್ಪನೆಯ ವಸ್ತು. ಅದನ್ನು ಒಂದೇ ಸಲಕ್ಕೆ ಆರಪಾರು ಕತ್ತರಿಸಬೇಕಾದರೆ ಬಾಯಿಯ ಉದ್ದ ವಸ್ತುವಿನ ವ್ಯಾಸಕ್ಕಿಂತ ಹೆಚ್ಚಿರಬೇಕು. 8 ಸೆಂ.ಮೀ. ವ್ಯಾಸದ ಹಣ್ಣನ್ನು 6 ಸೆಂ.ಮೀ. ಬಾಯಿಯ ಚಾಕುವಿನಿಂದ ಸುತ್ತ ತಿರುಗಿಸುತ್ತಲೇ ಕೊಯ್ಯಬೇಕು. ಕೊಯ್ಯಲು ಬರುತ್ತದೆ, ಕೊಯ್ಲು ಸಮವಾಗಿರುವುದಿಲ್ಲ. ಎರಡನೆಯದು ಹಗ್ಗದಂಥ ನಾರಿನ ವಸ್ತು. ಹಗ್ಗವನ್ನು ಒತ್ತಿ ಕತ್ತರಿಸುವುದಕ್ಕಿಂತ ಎಳೆದು ಕತ್ತರಿಸುವುದು ಸುಲಭ, ಬಾಯಿ ಉದ್ದವಿದ್ದಷ್ಟೂ ಒಂದು ಎಳೆತದಲ್ಲಿ ಹೆಚ್ಚು ನಾರು ತುಂಡಾಗುತ್ತದೆ.

ಉದ್ದದ ಚರ್ಚೆಯಲ್ಲಿ ಮರೆತುಹೋಗುವ ವಿಷಯ ಅಲಗಿನ ದಪ್ಪ. ಬೆನ್ನಿನಲ್ಲಿ 4 ಮಿ.ಮೀ. ದಪ್ಪವಿರುವ ಅಲಗು ಗಟ್ಟಿ ವಸ್ತುವಿನೊಳಗೆ ಇಳಿದಾಗ ಬೆಣೆಯಂತೆ ವರ್ತಿಸಿ ಅದನ್ನು ಸೀಳುತ್ತದೆ, 2 ಮಿ.ಮೀ. ದಪ್ಪದ್ದು ಸಲೀಸಾಗಿ ಹಾದುಹೋಗುತ್ತದೆ. ಫ್ರಾನ್ಸಿನ ಸವಾಯ್ ಪ್ರದೇಶದಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ರೂಪಿಸಿದ ಮರದ ಹಿಡಿಕೆಯ ಚಾಕುಗಳು ಈ ಎರಡನೆಯ ಬಗೆಯವು. ಆ ಸಾಲಿನ 8ನೆಯ ಸಂಖ್ಯೆಯ ಚಾಕುವಿಗೆ 85 ಮಿ.ಮೀ. ಅಲಗು ಇದ್ದರೂ ತೂಕ 50 ಗ್ರಾಂ ದಾಟುವುದಿಲ್ಲ. ತೆಳು ಅಲಗಿನ ಚಿಕ್ಕ ಚಾಕು ದಪ್ಪ ಅಲಗಿನ ದೊಡ್ಡ ಚಾಕುವಿಗಿಂತ ಚೆನ್ನಾಗಿ ಕೊಯ್ಯುವುದು ಅಪರೂಪವೇನಲ್ಲ. ಇದಕ್ಕೆ ಪ್ರತಿಯಾಗಿ ತೆಳು ಅಲಗು ಅಡ್ಡಬಲಕ್ಕೆ ಬಗ್ಗುತ್ತದೆ, ಮೊನೆ ಬೇಗ ಮುರಿಯುತ್ತದೆ. ಡಬ್ಬದ ಮುಚ್ಚಳ ಮೀಟುವುದು, ತಿರುಪು ತಿರುಗಿಸುವುದು ಯಾವ ಗಾತ್ರದ ಚಾಕುವಿನ ಕೆಲಸವೂ ಅಲ್ಲ.

ಲಾಕ್ ಇದೆಯೇ ಎಂದು ನೋಡುವುದು

ಚಿಕ್ಕ ಚಾಕುಗಳಲ್ಲಿ ಬಹಳಷ್ಟು ಲಾಕ್ ಇಲ್ಲದವು. ಹಿಡಿಕೆಯ ಬೆನ್ನಿನಲ್ಲಿರುವ ಸ್ಪ್ರಿಂಗಿನ ಒತ್ತಡವೊಂದೇ ಅವುಗಳ ಅಲಗನ್ನು ತೆರೆದ ಸ್ಥಿತಿಯಲ್ಲಿ ನಿಲ್ಲಿಸುತ್ತದೆ. ವಿಕ್ಟೋರಿನಾಕ್ಸ್ ಕಂಪನಿಯ ಕೀಲಿಗೊಂಚಲಿನ 58 ಮಿ.ಮೀ. ಚಾಕುಗಳೂ ಹೆಸರುವಾಸಿಯಾದ 91 ಮಿ.ಮೀ. ಚಾಕುಗಳೂ ಹೀಗೆಯೇ ಕೆಲಸ ಮಾಡುತ್ತವೆ, 111 ಮಿ.ಮೀ. ಸಾಲಿನ ಹಲವು ಮಾದರಿಗಳಲ್ಲಿ ಲಾಕ್ ಸಿಗುತ್ತದೆ. ಈ ಅಂಕಿಗಳು ಮಡಿಚಿದ ಉದ್ದವನ್ನು ಹೇಳುತ್ತವೆ, ಅಲಗಿನ ಉದ್ದವನ್ನಲ್ಲ.

ಲಾಕ್ ಇಲ್ಲದ ಚಾಕುವಿನಲ್ಲಿ ಬಾಯಿಯನ್ನು ವಸ್ತುವಿನ ಮೇಲೆ ಒತ್ತಿ ಕೊಯ್ಯುವಾಗ ಅಲಗು ಇನ್ನಷ್ಟು ತೆರೆಯುವ ದಿಕ್ಕಿಗೇ ಬಲ ಬೀಳುತ್ತದೆ, ಅಲ್ಲಿ ಅಪಾಯವಿಲ್ಲ. ಮೊನೆಯಿಂದ ಚುಚ್ಚುವಾಗ, ಅಥವಾ ಕಚ್ಚಿಕೊಂಡ ಅಲಗನ್ನು ಬೆನ್ನಿನ ಕಡೆಗೆ ಎಳೆಯುವಾಗ ಮಾತ್ರ ಅದು ಬೆರಳುಗಳ ಮೇಲೆ ಮಡಿಚಿಕೊಳ್ಳಬಹುದು. ಚುಚ್ಚುವ ಅಗತ್ಯ ಆಗಾಗ ಬರುವವರು ಗಾತ್ರ ಯಾವುದೇ ಇರಲಿ, ಲಾಕ್ ಇರುವುದನ್ನೇ ಕೊಳ್ಳಬೇಕು. ಇನ್ನೊಂದು ಸೂಕ್ಷ್ಮವಿದೆ: ಹಿಡಿಕೆಯ ಒಳಬದಿಯ ಲೋಹದ ಪಟ್ಟಿಯನ್ನು ಹೆಬ್ಬೆರಳಿನಿಂದ ಸರಿಸಿ ಮುಚ್ಚುವ ಲಾಕ್‌ಗಳಲ್ಲಿ, ಮುಚ್ಚುವ ಹೊತ್ತಿನಲ್ಲಿ ಹೆಬ್ಬೆರಳು ಅಲಗಿನ ದಾರಿಯಲ್ಲಿಯೇ ಇರುತ್ತದೆ. ದೊಡ್ಡ ಹಿಡಿಕೆಯಲ್ಲಿ ಬೆರಳನ್ನು ಪಕ್ಕಕ್ಕೆ ಸರಿಸಲು ಜಾಗವಿರುತ್ತದೆ, ಚಿಕ್ಕದರಲ್ಲಿ ಇಕ್ಕಟ್ಟು.

ಕಾನೂನು ಅಳೆಯುವ ಬಗೆ

ಸಾರ್ವಜನಿಕ ಸ್ಥಳದಲ್ಲಿ ಚಾಕು ಒಯ್ಯುವ ನಿಯಮ ದೇಶದಿಂದ ದೇಶಕ್ಕೆ ಬೇರೆ, ಕೆಲವೆಡೆ ಊರಿಂದೂರಿಗೂ ಬೇರೆ. ಬ್ರಿಟನ್ನಿನಲ್ಲಿ 1988ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆಯ ಪ್ರಕಾರ ಬಾಯಿ 3 ಇಂಚು ಮೀರದ, ಲಾಕ್ ಇಲ್ಲದ ಮಡಿಚುವ ಚಾಕುವನ್ನು ವಿಶೇಷ ಕಾರಣ ಕೊಡದೆಯೂ ಒಯ್ಯಬಹುದು. ಉದ್ದ ಹೆಚ್ಚಿದರೆ ಅಥವಾ ಲಾಕ್ ಇದ್ದರೆ ತಕ್ಕ ಕಾರಣ ಬೇಕು. ಜರ್ಮನಿಯಲ್ಲಿ 2008ರಿಂದ, ಒಂದೇ ಕೈಯಲ್ಲಿ ತೆರೆಯಬಹುದಾದ ಮತ್ತು ಲಾಕ್ ಆಗುವ ಚಾಕುಗಳನ್ನು ನ್ಯಾಯವಾದ ಅಗತ್ಯವಿಲ್ಲದೆ ಒಯ್ಯುವಂತಿಲ್ಲ, ಅಲಗು ಎಷ್ಟೇ ಚಿಕ್ಕದಿರಲಿ. ಅಂದರೆ ಚಿಕ್ಕದನ್ನು ಕೊಂಡ ಮಾತ್ರಕ್ಕೆ ಕಾನೂನಿನ ಚಿಂತೆ ಮುಗಿಯುವುದಿಲ್ಲ. ತಾವಿರುವ ಕಡೆಯ, ಹೋಗುವ ಕಡೆಯ ನಿಯಮವನ್ನು ಓದಿಕೊಳ್ಳಲೇಬೇಕು. ವಿಮಾನ ಪ್ರಯಾಣದಲ್ಲಿ ಎರಡೂ ಗಾತ್ರದವನ್ನು ಕ್ಯಾಬಿನ್‌ಗೆ ಒಯ್ಯದೆ ಚೆಕ್-ಇನ್ ಸಾಮಾನಿನಲ್ಲಿ ಹಾಕುವುದು ಕ್ಷೇಮ.

ಕಾನೂನಿನ ಆಚೆಗೂ ಒಂದು ಮಾತು. ಕಚೇರಿಯಲ್ಲಿ ಪೆಟ್ಟಿಗೆ ಬಿಚ್ಚಲು 9 ಸೆಂ.ಮೀ. ಅಲಗನ್ನು ಟಕ್ಕನೆ ತೆರೆದರೆ ಪಕ್ಕದವರು ಬೆಚ್ಚಿಬೀಳುತ್ತಾರೆ. ಎರಡು ಕೈಯಿಂದ ನಿಧಾನವಾಗಿ ತೆರೆಯುವ ಪುಟ್ಟ ಚಾಕುವಿನ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಜನರ ನಡುವೆ ಕೆಲಸ ಮಾಡುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸಾಣೆಯ ವಿಚಾರ

ಉಕ್ಕು ಒಂದೇ ಆದರೆ ಚಿಕ್ಕ ಚಾಕುವಿಗೆ ಬೇಗ ಬೇಗ ಸಾಣೆ ಹಿಡಿಯಬೇಕಾಗುತ್ತದೆ, ಏಕೆಂದರೆ ಅಷ್ಟೇ ಕೆಲಸದ ಸವೆತ ಕಡಿಮೆ ಉದ್ದದ ಬಾಯಿಯ ಮೇಲೆ ಬೀಳುತ್ತದೆ. ಪ್ರತಿ ಸಲ ಸಾಣೆಗೆ ಹಿಡಿಯುವ ಹೊತ್ತು ಮಾತ್ರ ಕಡಿಮೆ.

ಕೊಳ್ಳುವ ಮೊದಲು ಅಳೆಯುವುದು

ಸ್ಕೇಲನ್ನು ಅಂಗೈ ಮೇಲೆ ಅಡ್ಡವಾಗಿಟ್ಟು ನಾಲ್ಕು ಬೆರಳುಗಳ ಬುಡದ ಅಗಲವನ್ನು ಬರೆದುಕೊಳ್ಳಿ. ಮನಸ್ಸಿನಲ್ಲಿರುವ ಚಾಕುವಿನ ಮಡಿಚಿದ ಉದ್ದದಿಂದ ತಿರುಗಣಿಯ ಜಾಗಕ್ಕೆಂದು 1.5 ಸೆಂ.ಮೀ. ಕಳೆಯಿರಿ. ಉಳಿದದ್ದು ಅಂಗೈ ಅಗಲಕ್ಕಿಂತ ಹೆಚ್ಚಿದ್ದರೆ ನಾಲ್ಕು ಬೆರಳಿನ ಹಿಡಿತ ಸಿಗುತ್ತದೆ. 8 ಸೆಂ.ಮೀ. ಅಂಗೈಯವರಿಗೆ ಡೆಲಿಕಾದ 10.8 ಸೆಂ.ಮೀ. ಧಾರಾಳವಾಗಿ ಸಾಕು, ಮಿನಿ ಬಗ್‌ಔಟ್‌ನ 9.3 ಸೆಂ.ಮೀ. ಅಂಚಿನಲ್ಲಿ ನಿಲ್ಲುತ್ತದೆ. 9 ಸೆಂ.ಮೀ. ಅಂಗೈಯವರಿಗೆ ಅದು ಮೂರು ಬೆರಳಿನ ಚಾಕು. ಇದು ಅಂದಾಜಿನ ಲೆಕ್ಕವೇ, ಆದರೂ ಚಿತ್ರ ನೋಡಿ ಊಹಿಸುವುದಕ್ಕಿಂತ ಎಷ್ಟೋ ವಾಸಿ.

ಜೇಬಿನ ಪರೀಕ್ಷೆಗೆ ರಟ್ಟು ಸಾಕು. ಮಡಿಚಿದ ಚಾಕುವಿನ ಉದ್ದ, ಅಗಲಕ್ಕೆ ಸರಿಯಾಗಿ ರಟ್ಟಿನ ತುಂಡುಗಳನ್ನು ಕತ್ತರಿಸಿ, ದಪ್ಪ ಸುಮಾರು 12 ಮಿ.ಮೀ. ಆಗುವಷ್ಟು ಒಂದರ ಮೇಲೊಂದು ಅಂಟಿಸಿ, ದಿನವೂ ತೊಡುವ ಬಟ್ಟೆಯ ಜೇಬಿನಲ್ಲಿಟ್ಟುಕೊಂಡು ಕೆಲವು ದಿನ ಓಡಾಡಿ, ಕುಳಿತು, ಮೆಟ್ಟಿಲು ಹತ್ತಿ ನೋಡಬೇಕು. ಭಾರ ಇದರಿಂದ ತಿಳಿಯುವುದಿಲ್ಲ, ಒತ್ತುವ ಜಾಗ ಖಂಡಿತ ತಿಳಿಯುತ್ತದೆ.

ಕೈ ಒಂದು ಹೇಳಿ ಜೇಬು ಇನ್ನೊಂದು ಹೇಳುವುದೂ ಉಂಟು. ಅಂಗೈ ದೊಡ್ಡದು, ಬಟ್ಟೆ ತೆಳು ಎನ್ನುವವರಿಗೆ ತೆಳ್ಳಗಿನ, ಹಗುರವಾದ ಪೂರ್ಣ ಗಾತ್ರದ ಚಾಕು ಹೊಂದುತ್ತದೆ. ಬಗ್‌ಔಟ್ ಈ ಜಾತಿಯದು. ಕಾನೂನಿನ ಕಾರಣಕ್ಕೆ ಅಲಗು ಚಿಕ್ಕದಿರಬೇಕು, ಆದರೆ ಕೆಲಸ ಬಿರುಸಿನದು ಎನ್ನುವವರು ಡೆಲಿಕಾದಂತೆ ಅಲಗಿಗೆ ಹೋಲಿಸಿದರೆ ಹಿಡಿಕೆ ಉದ್ದವಿರುವುದನ್ನು ಹುಡುಕಬೇಕು. ಇಡೀ ದಿನದಲ್ಲಿ ಒಂದೆರಡು ಟೇಪು, ಒಂದು ದಾರ ಕತ್ತರಿಸುವವರಿಗೆ 58 ಮಿ.ಮೀ.ನ, 20 ಗ್ರಾಂ ಆಸುಪಾಸಿನ ಕೀಲಿಗೊಂಚಲಿನ ಚಾಕುವೇ ಸಾಕು. ಕೈಗವಸು ತೊಟ್ಟು ಕೆಲಸ ಮಾಡುವವರು ಅಂಗೈಯ ಅಳತೆಯನ್ನು ಕೈಗವಸು ಹಾಕಿಕೊಂಡೇ ತೆಗೆದುಕೊಳ್ಳಬೇಕು. ಆಗ ಅಗಲ ಹೆಚ್ಚುತ್ತದೆ, ಆಯ್ಕೆ ಪೂರ್ಣ ಗಾತ್ರದ ಕಡೆಗೆ ವಾಲುತ್ತದೆ.